ಮಾತು ಉಳಿಸಿಕೊಂಡ ವೈದ್ಯ: ಜುಂಬ್ರೊ ನದಿಯ ಊರಿನ ಡಾಕ್ಟರ್ ವಿಲಿಯಂ ಮೇಯೊ

ಮನೆಯಲ್ಲಿ ಯಾರಿಗಾದರೂ ಕಾಯಿಲೆ ಉಲ್ಬಣಿಸಿದರೆ ಇಂದು ನಾವು ಮೊದಲು ನೆನೆಯುವುದು ಆಸ್ಪತ್ರೆಯನ್ನು. ಅಲ್ಲಿಗೆ ತಲುಪಿದರೆ ಸಾಕು, ಅರ್ಧ ಗಂಡಾಂತರ ಕಳೆಯಿತೆಂದು ಸಮಾಧಾನಪಡುತ್ತೇವೆ. ಆದರೆ ಹಿಂದಿನ ಶತಮಾನಗಳಲ್ಲಿ ಆಸ್ಪತ್ರೆಯೆಂದರೆ ಗತಿಯಿಲ್ಲದವರು ಸಾಯಲು ಹೋಗುವ ತಾಣವೆಂಬ ಭಾವನೆ ಜಗತ್ತಿನ ಎಲ್ಲೆಡೆಯೂ ಇತ್ತು. ಉಳ್ಳವರು ಮನೆಯಲ್ಲೇ ಚಿಕಿತ್ಸೆ ಪಡೆಯುತ್ತಿದ್ದರು. ಶಸ್ತ್ರಚಿಕಿತ್ಸೆಗಳೂ ಅಡುಗೆಮನೆಯ ಮೇಜಿನ ಮೇಲೆಯೇ ನಡೆಯುತ್ತಿದ್ದವು. ಈ ಭಾವನೆಯನ್ನು ತೊಡೆದುಹಾಕಲು ಶ್ರಮಿಸಿದವರಲ್ಲಿ ಅಮೆರಿಕದ ಮಿನೆಸೋಟಾ ರಾಜ್ಯದ ಒಂದು ಸಣ್ಣ ನದಿಯ ಊರಿನ ವೈದ್ಯರೊಬ್ಬರಿಗೂ, ಅದೇ ಊರಿನ ಕಥೊಲಿಕ ಧರ್ಮಭಗಿನಿಯರಿಗೂ ದೊಡ್ಡ ಸ್ಥಾನವಿದೆ. ಆ ವೈದ್ಯರೇ ಡಾಕ್ಟರ್ ವಿಲಿಯಂ ವೊರಾಲ್ ಮೇಯೊ. ಅವರ ಹೆಸರಿನ ಮೇಯೊ ಕ್ಲಿನಿಕ್ ಇಂದು ಜಗತ್ಪ್ರಸಿದ್ಧ. ಆದರೆ ಆ ಹೆಸರಿನ ಹಿಂದೆ ಒಂದು ಕಾನ್ವೆಂಟು ಇದೆಯೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅದನ್ನು ಈ ವಾರ ಸ್ಮರಿಸುವುದು ಉಚಿತವೆಂದು ನಮಗೆ ತೋರಿದೆ.

ಹೊಲಿಗೆಯ ಅಂಗಡಿಯಿಂದ ವೈದ್ಯವೃತ್ತಿಗೆ

ವಿಲಿಯಂ ಮೇಯೊ 1819ನೆಯ ಇಸವಿಯ ಮೇ 31ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಎಕಲ್ಸ್ ಎಂಬಲ್ಲಿ ಜನಿಸಿದರು. ಹತ್ತಿ ಗಿರಣಿಗಳ ಹೊಗೆಯಿಂದ ಆಕಾಶ ಕಪ್ಪಾಗುತ್ತಿದ್ದ ಕಾಲವದು. ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕನಿಗೆ ವಿಜ್ಞಾನದಲ್ಲಿ ಆಸಕ್ತಿ ಹುಟ್ಟಿತು. ಪರಮಾಣು ಸಿದ್ಧಾಂತವನ್ನು ಮಂಡಿಸಿದ ಪ್ರಸಿದ್ಧ ವಿಜ್ಞಾನಿ ಜಾನ್ ಡಾಲ್ಟನ್ ಅವರ ಬಳಿ ಆತ ಪಾಠ ಕಲಿತನೆಂದು ಜೀವನಚರಿತ್ರೆಗಳು ಹೇಳುತ್ತವೆ. ಆದರೆ ಕಲಿತ ವಿದ್ಯೆಗೆ ತಕ್ಕ ಬಾಳು ತಾಯ್ನಾಡಿನಲ್ಲಿ ಕೂಡಿಬರಲಿಲ್ಲ. ಇಪ್ಪತ್ತೇಳರ ಆಸುಪಾಸಿನಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ವಲಸೆ ಹೋದರು. ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಕೆಲಕಾಲ ಔಷಧ ಸಿದ್ಧಪಡಿಸುವ ಕೆಲಸ ಸಿಕ್ಕಿತು. ಅಲ್ಲಿ ನೆಲೆ ನಿಲ್ಲಲಾಗದೆ ಪಶ್ಚಿಮದ ದಾರಿ ಹಿಡಿದು, ಇಂಡಿಯಾನಾ ರಾಜ್ಯದಲ್ಲಿ ವಾಬಾಷ್ ನದಿಯ ದಡದ ಲಾಫಾಯೆಟ್ ಪಟ್ಟಣಕ್ಕೆ ಬಂದರು.

ಅಲ್ಲಿ ಅವರು ಹೂಡಿದ್ದು ಔಷಧಾಲಯವನ್ನಲ್ಲ, ಹೊಲಿಗೆಯ ಅಂಗಡಿಯನ್ನು! ಹೊಟ್ಟೆಪಾಡಿಗಾಗಿ ಬಟ್ಟೆ ಹೊಲಿಯುತ್ತಿದ್ದ ಈ ವಲಸಿಗನ ಮನಸ್ಸು ಮಾತ್ರ ವೈದ್ಯಶಾಸ್ತ್ರದ ಕಡೆಗೇ ಇತ್ತು. ಊರಿನ ಹಿರಿಯ ವೈದ್ಯರಾದ ಎಲಿಜರ್ ಡೆಮಿಂಗ್ ಅವರ ಶಿಷ್ಯನಾಗಿ, ಲಾ ಪೋರ್ಟ್ ಎಂಬ ಊರಿನಲ್ಲಿದ್ದ ವೈದ್ಯಕೀಯ ಕಾಲೇಜಿನ ಉಪನ್ಯಾಸಗಳನ್ನು ಕೇಳಿ, 1850ರಲ್ಲಿ ಪದವಿ ಪಡೆದರು. ಕೆಲವೇ ತಿಂಗಳ ಉಪನ್ಯಾಸಗಳಿಂದ ಒಬ್ಬನು ವೈದ್ಯನೆನಿಸಿಕೊಳ್ಳುತ್ತಿದ್ದ ಆ ಕಾಲದಲ್ಲಿ, ಪಡೆದ ಪದವಿಯಿಂದ ತೃಪ್ತರಾಗದೆ 1854ರಲ್ಲಿ ಮಿಸಿಸಿಪ್ಪಿ ನದಿಯ ದಡದ ಸೇಂಟ್ ಲೂಯಿಸ್ ನಗರದಲ್ಲಿ ಮತ್ತೊಂದು ಪದವಿಯನ್ನೂ ಸಂಪಾದಿಸಿದರು. ಕಲಿಕೆಗೆ ಕೊನೆಯಿಲ್ಲವೆಂಬ ಈ ಗುಣ ಅವರಲ್ಲಿ ಮುಪ್ಪಿನವರೆಗೂ ಉಳಿದಿತ್ತು.

1851ರಲ್ಲಿ ಅವರ ಕೈಹಿಡಿದ ಲೂಯಿಸ್ ಅಬಿಗೇಲ್ ರೈಟ್ ಎಂಬ ಮಹಿಳೆಯ ಪಾತ್ರವನ್ನು ಇಲ್ಲಿ ಮರೆಯುವಂತಿಲ್ಲ. ಗಂಡನ ಸಂಪಾದನೆ ಸಾಲದ ದಿನಗಳಲ್ಲಿ ಆಕೆ ಹೆಂಗಸರ ಟೋಪಿಗಳನ್ನು ಸಿದ್ಧಪಡಿಸುವ ಅಂಗಡಿ ನಡೆಸಿ ಸಂಸಾರದ ಭಾರ ಹೊತ್ತರು. ಸಸ್ಯಗಳನ್ನೂ ನಕ್ಷತ್ರಗಳನ್ನೂ ಅಭ್ಯಾಸ ಮಾಡಿದ್ದ ಆಕೆ, ಪತಿ ದೂರದ ರೋಗಿಗಳನ್ನು ನೋಡಲು ಹೋಗಿದ್ದಾಗ ಬಾಗಿಲಿಗೆ ಬಂದವರಿಗೆ ತಾವೇ ಉಪಚಾರ ಮಾಡುತ್ತಿದ್ದರು. ಹೆಸರಾಂತ ಪುರುಷರ ಚರಿತ್ರೆಯಲ್ಲಿ ಇಂತಹ ಗೃಹಿಣಿಯರ ಹೆಸರು ಒಂದು ಸಾಲಿನಲ್ಲಿ ಮುಗಿದುಹೋಗುವುದು ವಿಷಾದದ ಸಂಗತಿ.

ನದಿಯಿಂದ ನದಿಗೆ

ವಾಬಾಷ್ ಕಣಿವೆಯಲ್ಲಿ ಮಲೇರಿಯಾ ಜ್ವರದ ಹಾವಳಿ ವಿಪರೀತವಾಗಿತ್ತು. ವೈದ್ಯರೇ ಪದೇ ಪದೇ ಜ್ವರದಿಂದ ಮಲಗುವಂತಾಯಿತು. 1854ರಲ್ಲಿ ಒಂದು ದಿನ ಬೇಸತ್ತು, ಜ್ವರ ಬಿಡುವ ನಾಡು ಸಿಕ್ಕುವವರೆಗೆ ಹಿಂದಿರುಗುವುದಿಲ್ಲವೆಂಬ ಹಟದಿಂದ ಅವರು ಕುದುರೆಗಾಡಿ ಹೂಡಿ ಉತ್ತರಕ್ಕೆ ಹೊರಟುಬಿಟ್ಟರೆಂದು ಹೇಳುತ್ತಾರೆ. ಹಾಗೆ ತಲುಪಿದ ನಾಡೇ ಮಿನೆಸೋಟಾ. ಅದು ಆಗಿನ್ನೂ ರಾಜ್ಯದ ಸ್ಥಾನ ಪಡೆದಿರಲಿಲ್ಲ, 1858ರಲ್ಲಷ್ಟೇ ಪಡೆಯಿತು.

ಹೊಸ ನಾಡಿನಲ್ಲಿಯೂ ವೈದ್ಯವೃತ್ತಿಯೊಂದರಿಂದಲೇ ಜೀವನ ಸಾಗಲಿಲ್ಲ. ಮಿನೆಸೋಟಾ ನದಿಯ ದಡದ ಲೆ ಸೂರ್ ಎಂಬ ಹಳ್ಳಿಯಲ್ಲಿ 1859ರಲ್ಲಿ ತಮ್ಮ ಕೈಯಿಂದಲೇ ಒಂದು ಪುಟ್ಟ ಮನೆ ಕಟ್ಟಿಕೊಂಡು ಅಲ್ಲಿ ರೋಗಿಗಳನ್ನು ನೋಡತೊಡಗಿದರು. ಬೇಸಾಯ ಮಾಡಿದರು, ದೋಣಿ ದಾಟಿಸಿದರು, ನದಿಯ ಉಗಿಹಡಗಿನಲ್ಲಿ ದುಡಿದರು, ಕೆಲಕಾಲ ಪತ್ರಿಕೆಯೊಂದನ್ನೂ ನಡೆಸಿದರು. ಹಿರಿಯ ಮಗ ವಿಲಿಯಂ ಜೇಮ್ಸ್ 1861ರ ಜೂನ್ 29ರಂದು ಇದೇ ಮನೆಯಲ್ಲಿ ಹುಟ್ಟಿದ. ಎತ್ತರ ಕಡಿಮೆಯಾದ್ದರಿಂದ ಜನರ ಬಾಯಲ್ಲಿ ಪುಟ್ಟ ಡಾಕ್ಟರೆನಿಸಿಕೊಂಡ ಅವರು, ಹಿಮ ಬೀಳುವ ರಾತ್ರಿಯಲ್ಲಿಯೂ ಕುದುರೆಯೇರಿ ದೂರದ ಹೊಲಮನೆಗಳಿಗೆ ಹೋಗುತ್ತಿದ್ದರು.

ಅವರ ಜೀವನದ ಒಂದು ಕಪ್ಪು ಪುಟವೂ ಈ ನದಿಯ ದಡದಲ್ಲಿಯೇ ಬರೆಯಲ್ಪಟ್ಟಿತು. 1862ರಲ್ಲಿ, ಕೊಟ್ಟ ಮಾತಿನಂತೆ ಹಣವನ್ನೂ ಆಹಾರವನ್ನೂ ಒದಗಿಸದ ಸರಕಾರದ ವಿರುದ್ಧ ಆ ನಾಡಿನ ಮೂಲನಿವಾಸಿಗಳಾದ ಡಕೋಟಾ ಜನ ಹಸಿವಿನಿಂದ ದಂಗೆ ಎದ್ದರು. ನ್ಯೂ ಉಲ್ಮ್ ಪಟ್ಟಣದ ಮೇಲೆ ದಾಳಿ ನಡೆದಾಗ ಡಾಕ್ಟರ್ ಮೇಯೊ ಅಲ್ಲಿಗೆ ಧಾವಿಸಿ ಗಾಯಾಳುಗಳ ಶುಶ್ರೂಷೆ ಮಾಡಿದರು. ಇದು ಸ್ತುತ್ಯವೇ. ಆದರೆ ಅದೇ ವರ್ಷದ ಡಿಸೆಂಬರ್ 26ರಂದು ಮ್ಯಾನ್ಕೇಟೊ ಪಟ್ಟಣದಲ್ಲಿ 38 ಡಕೋಟಾ ಪುರುಷರನ್ನು ಒಟ್ಟಿಗೆ ಗಲ್ಲಿಗೇರಿಸಿದ ಬಳಿಕ, ವೈದ್ಯರು ಕೆಲವರು ಸಮಾಧಿಯಿಂದ ಶವಗಳನ್ನು ಹೊರತೆಗೆದು ಅಂಗರಚನೆಯ ಅಧ್ಯಯನಕ್ಕೆ ಒಯ್ದರು. ಅವರಲ್ಲಿ ಮೇಯೊ ಅವರೂ ಒಬ್ಬರು. ಮಾರ್ಪಿಯಾ ತೆ ನಾಜಿನ್ ಎಂಬ ಡಕೋಟಾ ನಾಯಕನ ಅಸ್ಥಿಪಂಜರವನ್ನು ಮನೆಯಲ್ಲಿಟ್ಟುಕೊಂಡು, ಮುಂದೆ ತಮ್ಮ ಮಕ್ಕಳಿಗೆ ಎಲುಬುಗಳ ಪಾಠ ಹೇಳಿದರು.

ಆ ಕಾಲದ ವೈದ್ಯರಿಗೆ ಇದು ಅಪರಾಧವೆಂದು ತೋರಿರಲಿಲ್ಲ. ಆದರೆ ಮಡಿದವರ ದೇಹವೂ ಪವಿತ್ರವೆಂದು ನಂಬುವ ನಾವು ಇದನ್ನು ಮರೆಮಾಚಿ ಅವರ ಚರಿತ್ರೆಯನ್ನು ಬರೆಯುವುದು ಸರಿಯಲ್ಲ. ಹೆಸರುವಾಸಿಯಾದವರೂ ಮನುಷ್ಯರೇ. ಅವರ ಹೆಸರಿನ ಸಂಸ್ಥೆ ಬಹಳ ಕಾಲದ ನಂತರ ಆ ಅವಶೇಷಗಳನ್ನು ಡಕೋಟಾ ಜನರಿಗೆ ಹಿಂದಿರುಗಿಸಿತು. 2018ರಲ್ಲಿ ಬಹಿರಂಗವಾಗಿ ಕ್ಷಮೆಯನ್ನೂ ಕೋರಿತು. ಪೂರ್ವಜರ ತಪ್ಪನ್ನು ಒಪ್ಪಿಕೊಳ್ಳಲು 156 ವರ್ಷಗಳು ಬೇಕಾದವು.

ರಾಚೆಸ್ಟರ್ ಪಟ್ಟಣದಲ್ಲಿ

ಅಮೆರಿಕದ ಅಂತರ್ಯುದ್ಧ ನಡೆಯುತ್ತಿದ್ದಾಗ, 1863ರಲ್ಲಿ, ಸೈನ್ಯಕ್ಕೆ ಸೇರುವ ಯುವಕರ ದೇಹಪರೀಕ್ಷೆ ನಡೆಸುವ ವೈದ್ಯರಾಗಿ ಮೇಯೊ ಅವರನ್ನು ರಾಚೆಸ್ಟರ್‌ಗೆ ನೇಮಿಸಲಾಯಿತು. ಜುಂಬ್ರೊ ನದಿ ಈ ಪಟ್ಟಣದ ನಡುವೆ ಹರಿಯುತ್ತದೆ. ಹಿಂದೆ ಅಲ್ಲಿ ಸಂಚರಿಸಿದ ಫ್ರೆಂಚರು ಮರದ ದಿಮ್ಮಿಗಳು ತುಂಬಿ ದೋಣಿಗೆ ಅಡ್ಡಿಯಾಗುತ್ತಿದ್ದ ಈ ನದಿಯನ್ನು ಅಡ್ಡಿಗಳ ನದಿಯೆಂದು ತಮ್ಮ ಭಾಷೆಯಲ್ಲಿ ಕರೆದರು. ಆ ಫ್ರೆಂಚ್ ಹೆಸರೇ ಜನರ ನಾಲಿಗೆಯಲ್ಲಿ ಸವೆದು ಜುಂಬ್ರೊ ಆಯಿತು. ಊರಿನ ವಾತಾವರಣ ಮೇಯೊ ಅವರಿಗೆ ಹಿಡಿಸಿತು. 1864ರ ಆರಂಭದಲ್ಲಿ ಸಂಸಾರವನ್ನು ಕರೆತಂದು ಅಲ್ಲಿ ಖಾಸಗಿ ವೃತ್ತಿ ಆರಂಭಿಸಿದರು. ಅದೇ ವರ್ಷ ರೈಲುಮಾರ್ಗವೂ ಆ ಊರನ್ನು ತಲುಪಿತು. ಮುಂದೆ ನಾನಾ ಕಡೆಗಳಿಂದ ರೋಗಿಗಳು ಬರುವುದಕ್ಕೆ ಈ ರೈಲೇ ದಾರಿಯಾಯಿತು. ಕಿರಿಯ ಮಗ ಚಾರ್ಲ್ಸ್ 1865ರ ಜುಲೈ 19ರಂದು ರಾಚೆಸ್ಟರ್‌ನಲ್ಲಿಯೇ ಜನಿಸಿದ.

ಸೂಕ್ಷ್ಮದರ್ಶಕವನ್ನು ಬಳಸುವ ವೈದ್ಯರೇ ವಿರಳವಾಗಿದ್ದ ಆ ದಿನಗಳಲ್ಲಿ ಒಳ್ಳೆಯದೊಂದು ಸೂಕ್ಷ್ಮದರ್ಶಕವನ್ನು ಕೊಳ್ಳಲು ಅವರು ಮನೆಯನ್ನೇ ಅಡವಿಟ್ಟರು. ಹೆಂಡತಿ ಇದಕ್ಕೆ ಸಮ್ಮತಿಸಿದರು ಎಂಬುದು ಗಮನಾರ್ಹ. ಸಂಸಾರವಂದಿಗರಾದ ನಮ್ಮ ಓದುಗರಿಗೆ ಈ ಸಮ್ಮತಿಯ ಬೆಲೆ ತಿಳಿದೀತು. ನಡುವಯಸ್ಸಿನಲ್ಲಿ ಪೂರ್ವದ ನಗರಗಳಿಗೆ ಹೋಗಿ ಹೊಸ ಶಸ್ತ್ರಚಿಕಿತ್ಸೆಗಳನ್ನು ಕಲಿತು ಬಂದರು. ಬಡವರಿಂದ ಶುಲ್ಕ ವಸೂಲಿಗೆ ಹೋಗುತ್ತಿರಲಿಲ್ಲ. ಇದ್ದವರು ಇದ್ದಷ್ಟು ಕೊಡುತ್ತಿದ್ದರು. ಊರಿನ ಮೇಯರ್ ಆಗಿ, 1891ರಿಂದ 1895ರವರೆಗೆ ರಾಜ್ಯದ ಸೆನೆಟ್ ಸದಸ್ಯರಾಗಿ ಸಾರ್ವಜನಿಕ ಸೇವೆಯನ್ನೂ ಮಾಡಿದರು.

ಇಬ್ಬರು ಗಂಡುಮಕ್ಕಳು ಬಾಲ್ಯದಿಂದಲೇ ತಂದೆಯ ಗಾಡಿಯಲ್ಲಿ ಕುಳಿತು ರೋಗಿಗಳ ಮನೆಗಳಿಗೆ ಹೋಗುತ್ತಿದ್ದರು. ಚಾರ್ಲ್ಸ್ ಇನ್ನೂ ಹುಡುಗನಾಗಿದ್ದಾಗ, ಶಸ್ತ್ರಚಿಕಿತ್ಸೆಯೊಂದರ ನಡುವೆ ಅರಿವಳಿಕೆ ಕೊಡುತ್ತಿದ್ದವನಿಗೇ ತಲೆ ಸುತ್ತು ಬಂದು, ಈತನೇ ಆ ಕೆಲಸವನ್ನು ಕೈಗೆತ್ತಿಕೊಂಡನಂತೆ. ಹಿರಿಯ ಮಗ 1883ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಿಂದಲೂ, ಕಿರಿಯ ಮಗ 1888ರಲ್ಲಿ ಶಿಕಾಗೊ ನಗರದಿಂದಲೂ ವೈದ್ಯರಾಗಿ ಹೊರಬಂದರು.

ಸುಂಟರಗಾಳಿಯ ಸಂಜೆ

1883ನೆಯ ಆಗಸ್ಟ್ 21ರ ಮಂಗಳವಾರ. ಹಿರಿಯ ಮಗ ಪದವಿ ಪಡೆದು ಊರಿಗೆ ಬಂದು ಹೆಚ್ಚು ದಿನಗಳಾಗಿರಲಿಲ್ಲ. ಸಂಜೆಯ ಹೊತ್ತಿಗೆ ಆಕಾಶ ಕಪ್ಪಾಗಿ ಭಯಂಕರವಾದ ಸುಂಟರಗಾಳಿಯೊಂದು ಪಟ್ಟಣದ ಉತ್ತರ ಭಾಗಕ್ಕೆ ಅಪ್ಪಳಿಸಿತು. ಕಣ್ಣಿನ ಶಸ್ತ್ರಚಿಕಿತ್ಸೆಯ ಅಭ್ಯಾಸಕ್ಕಾಗಿ ಕುರಿಯ ತಲೆಯನ್ನು ತರಲು ಕಸಾಯಿಖಾನೆಗೆ ಹೋಗಿದ್ದ ಅಣ್ಣತಮ್ಮಂದಿರ ಗಾಡಿ ನದಿಯ ಸೇತುವೆಯನ್ನು ದಾಟಿದ ಸ್ವಲ್ಪದರಲ್ಲೇ ಸೇತುವೆ ಕಿತ್ತುಹೋಯಿತೆಂದು ಅವರ ಚರಿತ್ರೆಯಲ್ಲಿ ಬಂದಿದೆ. ಬಡಜನರು ವಾಸಿಸುತ್ತಿದ್ದ ಬಡಾವಣೆಯ ಮನೆಗಳು ನೆಲಸಮವಾದವು. ಕನಿಷ್ಠ 37 ಮಂದಿ ಮಡಿದರು; 200ಕ್ಕೂ ಹೆಚ್ಚು ಮಂದಿ ಗಾಯಗೊಂಡರು.

ಸುಮಾರು 5,000 ಜನರಿದ್ದ ಆ ಊರಿನಲ್ಲಿ ಒಂದೇ ಒಂದು ಆಸ್ಪತ್ರೆ ಇರಲಿಲ್ಲ. ಗಾಯಾಳುಗಳನ್ನು ಮನೆಗಳಲ್ಲಿ, ಕಾನ್ವೆಂಟಿನಲ್ಲಿ, ಕೊನೆಗೆ ಒಂದು ನೃತ್ಯಶಾಲೆಯಲ್ಲಿ ಮಲಗಿಸಲಾಯಿತು. ಚಿಕಿತ್ಸೆಯ ಹೊಣೆ ಡಾಕ್ಟರ್ ಮೇಯೊ ಅವರ ಹೆಗಲಿಗೆ ಬಿತ್ತು. ವೈದ್ಯರೇನೋ ಬಂದರು. ಆದರೆ ಹಗಲೂ ರಾತ್ರಿ ಬಳಿಯಲ್ಲಿದ್ದು ಗಾಯ ತೊಳೆದು, ನೀರು ಕುಡಿಸಿ, ನೋಡಿಕೊಳ್ಳುವವರು ಯಾರು? ಸ್ವಯಂಸೇವಕರು ಬಂದು ಹೋಗುತ್ತಿದ್ದರು. ಅವರಿಗೂ ಕೆಟ್ಟುಹೋದ ತಮ್ಮ ಮನೆಗಳಿದ್ದವು. ಆಗ ಮೇಯೊ ಅವರ ಕಣ್ಣಿಗೆ ಬಿದ್ದವರು ಸಂತ ಫ್ರಾನ್ಸಿಸರ ಸಭೆಯ ಧರ್ಮಭಗಿನಿಯರು.

ಈ ಭಗಿನಿಯರು ದಾದಿಯರಲ್ಲ, ಶಾಲೆಯ ಶಿಕ್ಷಕಿಯರು. ಅವರ ಮುಖ್ಯಸ್ಥೆ ಮದರ್ ಆಲ್ಫ್ರೆಡ್ ಮೋಸ್ ಅವರೂ ವಲಸೆ ಬಂದವರೇ. 1828ರಲ್ಲಿ ಯುರೋಪಿನ ಪುಟ್ಟ ದೇಶವಾದ ಲಕ್ಸೆಂಬರ್ಗಿನಲ್ಲಿ ಹುಟ್ಟಿ, 1851ರಲ್ಲಿ ಅಮೆರಿಕಕ್ಕೆ ಬಂದು, 1877ರಲ್ಲಿ ರಾಚೆಸ್ಟರ್‌ನಲ್ಲಿ ಶಾಲೆ ಸ್ಥಾಪಿಸಿದ್ದರು. ಆಗಸ್ಟ್ ತಿಂಗಳು ಶಾಲೆಗೆ ರಜೆಯ ಕಾಲವಾದ್ದರಿಂದ ಭಗಿನಿಯರು ಊರಿನಲ್ಲಿಯೇ ಇದ್ದರು. ಮೇಯೊ ಅವರು ಕೇಳಿದ ಕೂಡಲೇ ಮದರ್ ಆಲ್ಫ್ರೆಡ್ ತಮ್ಮವರನ್ನು ಶುಶ್ರೂಷೆಗೆ ಕಳುಹಿಸಿದರು. ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ಕೈಗಳು ರಕ್ತಸಿಕ್ತ ಗಾಯಗಳನ್ನು ತೊಳೆದವು. ದಯಾಳು ಸಮಾರಿತನ ಸಾಮತಿಯಲ್ಲಿ ಗಾಯಾಳುವಿನ ಜಾತಿ ಕುಲಗಳನ್ನು ಕೇಳುವ ಮಾತೇ ಇಲ್ಲ. ಆ ನೃತ್ಯಶಾಲೆಯಲ್ಲಿಯೂ ಯಾರೂ ಕೇಳಲಿಲ್ಲ.

ಒಬ್ಬ ಭಗಿನಿಯ ಹಟ

ಗಾಯಾಳುಗಳು ಮನೆಗೆ ಮರಳಿದರು. ಭಗಿನಿಯರು ಶಾಲೆಗೆ ಮರಳಿದರು. ಸಾಮಾನ್ಯವಾಗಿ ಇಂತಹ ಕಥೆಗಳು ಇಲ್ಲಿಗೆ ಮುಗಿಯುತ್ತವೆ. ಆದರೆ ಮದರ್ ಆಲ್ಫ್ರೆಡ್ ಅವರಿಗೆ ಮನಸ್ಸು ನಿಲ್ಲಲಿಲ್ಲ. ಅವರು ಡಾಕ್ಟರ್ ಮೇಯೊ ಅವರನ್ನು ಕಂಡು, ಭಗಿನಿಯರು ಆಸ್ಪತ್ರೆಯೊಂದನ್ನು ಕಟ್ಟಿಸಿದರೆ ಅದರ ವೈದ್ಯಕೀಯ ಹೊಣೆಯನ್ನು ವಹಿಸಿಕೊಳ್ಳುವಿರಾ ಎಂದು ವಿಚಾರಿಸಿದರು.

ಡಾಕ್ಟರ್ ಮೇಯೊ ಒಪ್ಪಲಿಲ್ಲ. ಅವರ ಕಾರಣಗಳು ಸಣ್ಣವೇನೂ ಆಗಿರಲಿಲ್ಲ. ಊರು ಚಿಕ್ಕದು, ಆಸ್ಪತ್ರೆಗೆ ಬೇಕಾದ ಹಣ ದೊಡ್ಡದು, ಜನರಿಗೆ ಆಸ್ಪತ್ರೆಯೆಂದರೆ ಭಯ, ಕಟ್ಟಿದರೂ ನಡೆಯುವ ಭರವಸೆಯಿಲ್ಲ. ಅವರಿಗಾಗಲೇ 64 ವರ್ಷ. ಬಾಳಿನ ಏಳುಬೀಳುಗಳನ್ನೆಲ್ಲ ಕಂಡ ಅನುಭವಿಯ ಲೆಕ್ಕಾಚಾರವದು. ಮದರ್ ಆಲ್ಫ್ರೆಡ್ ಬಳಿ ಇದಕ್ಕೆ ಪ್ರತಿಯಾಗಿ ಲೆಕ್ಕಾಚಾರವೇನೂ ಇರಲಿಲ್ಲ, ವಿಶ್ವಾಸವೊಂದೇ ಇತ್ತು. ಹಣವನ್ನು ತಾವು ಕೂಡಿಸುವುದಾಗಿಯೂ, ವೈದ್ಯರು ಮಾತು ಕೊಟ್ಟರೆ ಸಾಕೆಂದೂ ಅವರು ಪಟ್ಟುಹಿಡಿದರು. 40,000 ಡಾಲರುಗಳಷ್ಟು ಖರ್ಚಾಗುವುದೆಂದು ವೈದ್ಯರು ತಿಳಿಸಿದರೂ ಮದರ್ ಅಳುಕಲಿಲ್ಲ. ಕೊನೆಗೆ ಮೇಯೊ ಅವರು ಮಣಿದು ಮಾತು ಕೊಟ್ಟರು.

ಈ ಮೊತ್ತ ಸಾಮಾನ್ಯವೆಂದು ಯಾರೂ ತಿಳಿಯಬಾರದು. ಭಗಿನಿಯರು ನಾಲ್ಕು ವರ್ಷ ಹೊಟ್ಟೆಬಟ್ಟೆ ಕಟ್ಟಿ ದುಡಿದರು. ಶಾಲೆಯ ಸಂಬಳದಲ್ಲಿ ಉಳಿಸಿದರು, ಸಂಗೀತ ಕಲಿಸಿದರು, ಕಸೂತಿ ಹಾಕಿ ಮಾರಿದರು. 1887ರಲ್ಲಿ ಪಟ್ಟಣದ ಪಶ್ಚಿಮಕ್ಕೆ 9 ಎಕರೆ ಜಮೀನು ಕೊಂಡರು. ಇಟ್ಟಿಗೆಯ ಮೂರು ಅಂತಸ್ತಿನ ಕಟ್ಟಡ ಮೇಲೆದ್ದಿತು. ಸಂತ ಮರಿಯಳ ಹೆಸರಿನ ಆ ಆಸ್ಪತ್ರೆಯಲ್ಲಿ 1889ರ ಸೆಪ್ಟೆಂಬರ್ 30ರಂದು ಮೊದಲ ಶಸ್ತ್ರಚಿಕಿತ್ಸೆ ನಡೆಯಿತು. ಕಣ್ಣಿನ ಕ್ಯಾನ್ಸರಿನಿಂದ ಬಳಲುತ್ತಿದ್ದ ರೋಗಿಗೆ ಚಾರ್ಲ್ಸ್ ಶಸ್ತ್ರಚಿಕಿತ್ಸೆ ಮಾಡಿದರು. ಅಣ್ಣ ವಿಲಿಯಂ ನೆರವಾದರು. ಎಪ್ಪತ್ತು ವರ್ಷದ ತಂದೆ ಅರಿವಳಿಕೆ ಕೊಟ್ಟರು. ತಮ್ಮ ವೃತ್ತಿಯ ಅಧಿಕಾರವನ್ನು ಮಕ್ಕಳ ಕೈಗಿತ್ತು ಪಕ್ಕದಲ್ಲಿ ನಿಂತ ಆ ವೃದ್ಧನ ಚಿತ್ರ ನಮ್ಮ ಮನಸ್ಸಿನಲ್ಲಿ ನಿಲ್ಲುವಂತಹುದು.

ಭಿನ್ನ ಧರ್ಮ, ಒಂದೇ ಮಾತು

ಡಾಕ್ಟರ್ ಮೇಯೊ ಕಥೊಲಿಕರಾಗಿರಲಿಲ್ಲ. ಪ್ರಾಟೆಸ್ಟೆಂಟ್ ಹಿನ್ನೆಲೆಯ ಅವರು ಯಾವ ಚರ್ಚಿನ ಆಚಾರಗಳಿಗೂ ಹೆಚ್ಚು ಅಂಟಿಕೊಂಡವರಲ್ಲ. 1890ರ ದಶಕ ಅಮೆರಿಕದಲ್ಲಿ ಕಥೊಲಿಕರ ಮೇಲೆ ದ್ವೇಷ ಹರಡಿದ್ದ ಕಾಲ. 1887ರಲ್ಲಿ ಹುಟ್ಟಿದ ಅಮೆರಿಕನ್ ಪ್ರೊಟೆಕ್ಟಿವ್ ಅಸೋಸಿಯೇಷನ್ ಎಂಬ ಸಂಘಟನೆ, ಕಥೊಲಿಕರಿಗೆ ಸಾರ್ವಜನಿಕ ಹುದ್ದೆಗಳನ್ನು ಕೊಡಬಾರದೆಂದು ಊರೂರುಗಳಲ್ಲಿ ಪ್ರಚಾರ ನಡೆಸುತ್ತಿತ್ತು. ಆ ಗಾಳಿ ರಾಚೆಸ್ಟರ್‌ಗೂ ಬೀಸಿತು. ಕನ್ಯಾಸ್ತ್ರೀಯರ ಆಸ್ಪತ್ರೆಗೆ ಹೋಗಲೊಲ್ಲದ ಜನ ಹುಟ್ಟಿಕೊಂಡರು. 1892ರಲ್ಲಿ ಊರಿನಲ್ಲಿ ರಿವರ್‌ಸೈಡ್ ಎಂಬ ಮತ್ತೊಂದು ಆಸ್ಪತ್ರೆ ಎದ್ದು ನಿಂತಿತು. ಕಥೊಲಿಕರ ಆಸ್ಪತ್ರೆಯನ್ನು ಬಿಟ್ಟು ಅಲ್ಲಿಗೆ ಬರುವಂತೆ ಮೇಯೊ ಕುಟುಂಬಕ್ಕೆ ಒತ್ತಾಯವೂ ಬಂದಿತು.

ತಂದೆ ಮಕ್ಕಳಿಗೆ ಇದು ನಿಜವಾದ ಪರೀಕ್ಷೆಯ ಗಳಿಗೆಯಾಗಿತ್ತು. ಅವರನ್ನು ಕಟ್ಟಿಹಾಕಲು ಯಾವ ಲಿಖಿತ ಒಪ್ಪಂದವೂ ಇರಲಿಲ್ಲ. ಭಗಿನಿಯರಿಗೂ ಅವರಿಗೂ ನಡುವೆ ಇದ್ದುದು ಬಾಯಿಮಾತು ಮಾತ್ರ. ಬಿಟ್ಟು ಹೋಗಿದ್ದರೆ ಕೇಳುವವರಿರಲಿಲ್ಲ. ಸ್ವಧರ್ಮೀಯರ ಮೆಚ್ಚುಗೆಯೂ ಸಿಗುತ್ತಿತ್ತು. ಆದರೆ ಅವರು ಕದಲಲಿಲ್ಲ. ಮೂರು ವರ್ಷಗಳಲ್ಲಿ ಆ ಮತ್ತೊಂದು ಆಸ್ಪತ್ರೆ ಮುಚ್ಚಿಹೋಯಿತು. ಸಂತ ಮರಿಯಳ ಆಸ್ಪತ್ರೆಯಾದರೋ ಇಷ್ಟರಲ್ಲಿ ವಿಸ್ತಾರಗೊಳ್ಳತೊಡಗಿತ್ತು. ಧರ್ಮ, ಬಣ್ಣ, ಲಿಂಗ, ಹಣ ಇವಾವುದನ್ನೂ ಎಣಿಸದೆ ರೋಗಿಗಳನ್ನು ಸೇರಿಸಿಕೊಳ್ಳಬೇಕೆಂಬ ಮದರ್ ಆಲ್ಫ್ರೆಡ್ ಅವರ ನಿಯಮವೇ ದ್ವೇಷದ ಪ್ರಚಾರಕ್ಕೆ ಕೊಟ್ಟ ಉತ್ತರವಾಯಿತು. ಈ ದಿಟ್ಟ ಭಗಿನಿ 1899ರ ಡಿಸೆಂಬರ್ 18ರಂದು ದೈವಾಧೀನರಾದರು.

ಭಗಿನಿಯರ ಮೊದಲ ದಿನಗಳೇನೂ ಸುಲಭವಾಗಿರಲಿಲ್ಲ. ನಸುಕಿಗೆ ಮುಂಚೆ ಎದ್ದು ರಾತ್ರಿಯವರೆಗೆ ದುಡಿಯಬೇಕಿತ್ತು. ತರಬೇತಿ ಪಡೆದ ದಾದಿ ಈಡಿತ್ ಗ್ರಹಾಂ ಅವರಿಗೆ ಶುಶ್ರೂಷೆಯ ಪಾಠಗಳನ್ನು ಕಲಿಸಿದರು. ಈಕೆಯೇ 1893ರಲ್ಲಿ ಚಾರ್ಲ್ಸ್ ಮೇಯೊ ಅವರ ಪತ್ನಿಯಾದರು. ಶಾಲೆಯಿಂದ ಬಂದ ಸಿಸ್ಟರ್ ಮೇರಿ ಜೋಸೆಫ್ ಡೆಂಪ್ಸಿ ಮೊದಮೊದಲು ಪುರುಷ ರೋಗಿಗಳ ಉಪಚಾರಕ್ಕೆ ನಾಚಿ ಹಿಂಜರಿಯುತ್ತಿದ್ದರಂತೆ. ಅವರೇ 1892ರಿಂದ 1939ರವರೆಗೆ ಆ ಆಸ್ಪತ್ರೆಯ ಮೇಲ್ವಿಚಾರಕಿಯಾದರು. ಅನೇಕ ವರ್ಷ ವಿಲಿಯಂ ಮೇಯೊ ಅವರ ಶಸ್ತ್ರಚಿಕಿತ್ಸೆಗಳಲ್ಲಿ ಮೊದಲ ಸಹಾಯಕಿಯಾಗಿ ನಿಂತರು. 1906ರಲ್ಲಿ ದಾದಿಯರ ಶಾಲೆಯನ್ನೂ ಆರಂಭಿಸಿದರು. ಹೊಟ್ಟೆಯೊಳಗೆ ಕ್ಯಾನ್ಸರ್ ಇರುವ ಕೆಲವು ರೋಗಿಗಳ ಹೊಕ್ಕುಳಲ್ಲಿ ಗಂಟೊಂದು ಕಾಣಿಸಿಕೊಳ್ಳುವುದನ್ನು ಅವರು ಗಮನಿಸಿ ವೈದ್ಯರಿಗೆ ತಿಳಿಸಿದ್ದರು. ವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಆ ಗಂಟಿಗೆ ಇಂದಿಗೂ ಸಿಸ್ಟರ್ ಮೇರಿ ಜೋಸೆಫರ ಹೆಸರೇ ಇದೆ.

ಕೊನೆಯ ದಿನಗಳು

1892ರಲ್ಲಿ ಮತ್ತೊಬ್ಬ ವೈದ್ಯರು ಜೊತೆಗೂಡಿದ ಬಳಿಕ ಹಿರಿಯ ಮೇಯೊ ವೃತ್ತಿಯಿಂದ ಹಿಂದೆ ಸರಿದರು. ಮುಂದೆ ಒಬ್ಬೊಬ್ಬರಾಗಿ ತಜ್ಞರು ಸೇರಿ, ಒಬ್ಬ ರೋಗಿಯನ್ನು ಅನೇಕ ವೈದ್ಯರು ಕೂಡಿ ಪರೀಕ್ಷಿಸುವ ಪದ್ಧತಿ ಅಲ್ಲಿ ಬೆಳೆಯಿತು. 1907ರಿಂದ ಡಾಕ್ಟರ್ ಹೆನ್ರಿ ಪ್ಲಮರ್ ಅವರು ಪ್ರತಿ ರೋಗಿಯ ವಿವರಗಳನ್ನೆಲ್ಲ ಒಂದೇ ಕಡತದಲ್ಲಿಡುವ ವ್ಯವಸ್ಥೆ ತಂದರು. ಇಂದು ಆಸ್ಪತ್ರೆಗಳಲ್ಲಿ ನಮ್ಮ ಹೆಸರಿನ ಕಡತವೊಂದು ಸಿದ್ಧವಾಗುವುದನ್ನು ಕಾಣುವಾಗ ರಾಚೆಸ್ಟರ್‌ನಲ್ಲಿ ನಡೆದ ಆ ಪ್ರಯೋಗವನ್ನು ನೆನೆಯಬಹುದು.

ಹಿರಿಯ ಮೇಯೊ ಅವರ ಕುತೂಹಲ ಮಾತ್ರ ನಿವೃತ್ತಿ ಹೊಂದಲಿಲ್ಲ. 91ನೆಯ ವಯಸ್ಸಿನಲ್ಲಿ ವ್ಯರ್ಥ ಪದಾರ್ಥಗಳಿಂದ ಆಲ್ಕೊಹಾಲ್ ತೆಗೆಯುವ ಯಂತ್ರವೊಂದರ ಪ್ರಯೋಗದಲ್ಲಿ ತೊಡಗಿದ್ದಾಗ ಅವರ ಕೈ ಯಂತ್ರಕ್ಕೆ ಸಿಕ್ಕಿ ಜಜ್ಜಿಹೋಯಿತು. ಅದನ್ನು ಕತ್ತರಿಸಬೇಕಾಗಿ ಬಂದಿತು. ಆ ಆಘಾತದಿಂದ ಅವರು ಚೇತರಿಸಿಕೊಳ್ಳಲಿಲ್ಲ. 1911ರ ಮಾರ್ಚ್ 6ರಂದು, 92 ವರ್ಷ ತುಂಬಲು ಮೂರು ತಿಂಗಳಿಗೂ ಕಡಿಮೆ ಇರುವಾಗ ಇಹಲೋಕ ತ್ಯಜಿಸಿದರು. ಬಾಳಸಂಗಾತಿ ಲೂಯಿಸ್ 1915ರಲ್ಲಿ ಅವರನ್ನು ಹಿಂಬಾಲಿಸಿದರು.

ತಂದೆ ಹಾಕಿಕೊಟ್ಟ ದಾರಿಯಲ್ಲಿ ಮಕ್ಕಳು ನಡೆದರು. ಒಂದೇ ಬ್ಯಾಂಕ್ ಖಾತೆಯಲ್ಲಿ ಜೀವನವಿಡೀ ವ್ಯವಹರಿಸಿದ ಆ ಅಣ್ಣತಮ್ಮಂದಿರು 1919ರಲ್ಲಿ ಕ್ಲಿನಿಕ್ಕಿನ ಆಸ್ತಿಯನ್ನೂ ತಮ್ಮ ಉಳಿತಾಯದ ಬಹುಭಾಗವನ್ನೂ ಲಾಭದ ಉದ್ದೇಶವಿಲ್ಲದ ಸಂಸ್ಥೆಗೆ ಒಪ್ಪಿಸಿಬಿಟ್ಟರು. ಪಿತ್ರಾರ್ಜಿತದ ಪಾಲಿಗಾಗಿ ಒಡಹುಟ್ಟಿದವರು ಕೋರ್ಟಿನ ಮೆಟ್ಟಿಲೇರುವುದನ್ನು ಕಾಣುವ ನಮಗೆ ಇದು ಯೋಚಿಸತಕ್ಕ ವಿಷಯ. 1939ರಲ್ಲಿ ಸಿಸ್ಟರ್ ಮೇರಿ ಜೋಸೆಫ್ ಮಾರ್ಚ್ ತಿಂಗಳಲ್ಲಿಯೂ, ಚಾರ್ಲ್ಸ್ ಮೇ ತಿಂಗಳಲ್ಲಿಯೂ, ವಿಲಿಯಂ ಜುಲೈ ತಿಂಗಳಲ್ಲಿಯೂ ತೀರಿಕೊಂಡರು. ಒಟ್ಟಿಗೆ ದುಡಿದವರು ಒಂದೇ ವರ್ಷದಲ್ಲಿ ಒಟ್ಟಿಗೆ ಹೊರಟುಹೋದರು. 1950ರಲ್ಲಿ ಇದೇ ಸಂಸ್ಥೆಯ ಎಡ್ವರ್ಡ್ ಕೆಂಡಲ್ ಮತ್ತು ಫಿಲಿಪ್ ಹೆಂಚ್ ಅವರಿಗೆ ಕಾರ್ಟಿಸೋನ್ ಕುರಿತ ಸಂಶೋಧನೆಗಾಗಿ ನೊಬೆಲ್ ಪಾರಿತೋಷಕ ದೊರೆಯಿತು. ಸಂತ ಮರಿಯಳ ಆಸ್ಪತ್ರೆ 1986ರಲ್ಲಿ ಮೇಯೊ ಸಂಸ್ಥೆಯೊಡನೆ ವಿಧಿಪೂರ್ವಕವಾಗಿ ಒಂದಾಯಿತು. ಮೊದಲ ಶಸ್ತ್ರಚಿಕಿತ್ಸೆಯ ದಿನದಿಂದ ಎಣಿಸಿದರೆ ಬಾಯಿಮಾತಿನ ನಂಬಿಕೆ 97 ವರ್ಷ ನಡೆದುಬಂದಿತ್ತು.

ಡಾಕ್ಟರ್ ಮೇಯೊ ದೊಡ್ಡ ಶಸ್ತ್ರಚಿಕಿತ್ಸಕರಾಗಿದ್ದುದು ನಿಜ. ಆದರೆ ಅವರ ಕಾಲದಲ್ಲಿ ಅವರಿಗಿಂತ ನಿಪುಣರೂ ಇದ್ದರು. ನಮ್ಮ ದೃಷ್ಟಿಯಲ್ಲಿ ಅವರ ಹಿರಿಮೆ ಎರಡು ಸಂಗತಿಗಳಲ್ಲಿದೆ. ತಮ್ಮ ಅನುಭವ ಬೇಡವೆಂದರೂ ಪರಧರ್ಮದ ಭಗಿನಿಯೊಬ್ಬರ ವಿಶ್ವಾಸಕ್ಕೆ ಅವರು ಕಿವಿಗೊಟ್ಟರು. ಒಮ್ಮೆ ಕೊಟ್ಟ ಮಾತನ್ನು, ಅದು ಅನಾನುಕೂಲವಾದ ದಿನವೂ ಹಿಂದಕ್ಕೆ ಪಡೆಯಲಿಲ್ಲ. ಅವರ ಮಾತಿಗೆ ಭಗಿನಿಯರ ಬೆವರು ಕೂಡಿತು. ನಾಲ್ಕು ನದಿಗಳ ದಡದಲ್ಲಿ ನೆಲೆ ಹುಡುಕಿದ ವಲಸಿಗನಿಗೂ, ಲಕ್ಸೆಂಬರ್ಗಿನಿಂದ ಬಂದ ಕನ್ಯಾಸ್ತ್ರೀಗೂ ಪರಸ್ಪರ ನಂಬಲು ಕಾರಣಗಳಿಗಿಂತ ನಂಬದಿರಲು ಕಾರಣಗಳೇ ಹೆಚ್ಚಾಗಿದ್ದವು. ಅಡ್ಡಿಗಳ ನದಿಯೆಂದು ಹೆಸರು ಪಡೆದ ಆ ಹೊಳೆಯ ದಡದಲ್ಲಿ ಅವರು ನಂಬಿಕೆಯನ್ನೇ ಆರಿಸಿಕೊಂಡರು.

ನಮ್ಮ ನೆರೆಯಲ್ಲಿ ಬೇರೆ ಧರ್ಮದವರು ಒಳ್ಳೆಯ ಕೆಲಸವೊಂದಕ್ಕೆ ಕೈಜೋಡಿಸಲು ಕರೆದಾಗ ನಾವು ಮೊದಲು ಎಣಿಸುವುದು ಏನನ್ನು? ಕೊಟ್ಟ ಮಾತು ನಮ್ಮ ಗುಂಪಿನವರಿಗೆ ಹಿಡಿಸದಿದ್ದಾಗ ಎಷ್ಟು ದಿನ ಅದನ್ನು ಉಳಿಸಿಕೊಳ್ಳುತ್ತೇವೆ? ಈ ವಾರ ಮನೆಮಂದಿಯೆಲ್ಲ ಜಪಸರಕ್ಕೆ ಕುಳಿತಾಗ, ಆಸ್ಪತ್ರೆಗಳಲ್ಲಿ ರೋಗಿಗಳ ಬಳಿ ರಾತ್ರಿ ಎಚ್ಚರವಿರುವ ವೈದ್ಯರನ್ನೂ ದಾದಿಯರನ್ನೂ ಧರ್ಮಭಗಿನಿಯರನ್ನೂ, ಅವರು ಯಾವ ಧರ್ಮದವರೇ ಆಗಿರಲಿ, ಪ್ರಾರ್ಥನೆಯಲ್ಲಿ ಸ್ಮರಿಸೋಣ.